ಒಂದೇ ನಂಬರಿನ ಎರಡು ಆರ್ಡರ್: ಲೆಕ್ಕ ಮಾಡಿದ ಮೇಲೆ ಸಿಕ್ಕ ಬಗ್

ಒಂದು ಅಂಗಡಿಗೆ ಆರ್ಡರ್ ಪಿಕಪ್ ಆ್ಯಪ್ ಮಾಡಿಕೊಟ್ಟಿದ್ದೆ. ಪ್ರತಿ ಆರ್ಡರ್‌ಗೂ ಆರು ಅಂಕಿಯ ರ‍್ಯಾಂಡಮ್ ನಂಬರ್. ಮೂರನೇ ವಾರ ಅಂಗಡಿಯವರ ಫೋನ್ ಬಂತು. ಕೌಂಟರ್ ಮುಂದೆ ಇಬ್ಬರು ನಿಂತಿದ್ದಾರೆ, ಇಬ್ಬರ ಮೊಬೈಲಿನಲ್ಲೂ 481302!

ಇರುವುದು 10 ಲಕ್ಷ ನಂಬರ್, ಆಗಿದ್ದು ಬರೀ 1,200 ಆರ್ಡರ್. ಹಾಗಾಗಿ ಪ್ರೋಗ್ರಾಮಿನಲ್ಲೇ ಏನೋ ತಪ್ಪಿದೆ ಅಂತ ಎರಡು ದಿನ ಲಾಗ್ (ಪ್ರೋಗ್ರಾಮ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ) ಜಾಲಾಡಿದೆ. ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಪಿಯುಸಿಯಲ್ಲಿ ಓದಿದ ಸಂಭವನೀಯತೆ ನೆನಪಾಯಿತು. ಒಂದು ಕೋಣೆಯಲ್ಲಿ 23 ಜನ ಇದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಇಲ್ಲಿ ಎಣಿಸಬೇಕಾದ್ದು ಜೋಡಿಗಳನ್ನು. ಪೆನ್ನು ಹಿಡಿದು ಕೂತೆ. 1200 × 1199 ÷ 2, ಅಂದರೆ 7,19,400 ಜೋಡಿ. ಒಂದೊಂದು ಜೋಡಿಯಲ್ಲೂ ಎರಡು ನಂಬರ್ ಒಂದೇ ಆಗುವ ಸಾಧ್ಯತೆ 10 ಲಕ್ಷದಲ್ಲಿ ಒಂದು. ಒಂದು ಜೋಡಿಯೂ ಹೊಂದದೇ ಇರುವ ಸಾಧ್ಯತೆ ಸುಮಾರು 49%, ಅಂದರೆ ಒಂದಾದರೂ ಹೊಂದುವ ಸಾಧ್ಯತೆ ಸುಮಾರು 51%. ನಾಣ್ಯ ಚಿಮ್ಮಿದ ಹಾಗೇ ಅಲ್ವಾ? ಎರಡು ದಿನ ಸಿಗದ್ದು ಹತ್ತು ನಿಮಿಷದಲ್ಲಿ ಸಿಕ್ಕಿತು. ಆ ಖುಷಿ ಈಗಲೂ ಇದೆ.

ನಂಬರ್ ಬದಲು ಇಂಗ್ಲಿಷ್ ದೊಡ್ಡಕ್ಷರ, ಅಂಕಿ ಸೇರಿದ 10 ಸ್ಥಾನದ ಕೋಡ್ ಹಾಕಿದೆ. ಸೊನ್ನೆ ಮತ್ತು ಓ, ಒಂದು ಮತ್ತು ಐ ನೋಡಲು ಒಂದೇ ತರಹ ಇರುತ್ತವೆ. ಅವನ್ನು ಬಿಟ್ಟು ಉಳಿದದ್ದು 32. ಈಗ ಒಂದು ಲಕ್ಷ ಆರ್ಡರ್ ಆದರೂ ಎರಡು ಕೋಡ್ ಒಂದೇ ಆಗುವ ಸಾಧ್ಯತೆ 2 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಅದನ್ನೂ ಸುಮ್ನೆ ನಂಬಿ ಕೂರಲಿಲ್ಲ. ಡೇಟಾಬೇಸಿನಲ್ಲಿ ಕೋಡ್ ಇರುವ ಕಾಲಂಗೆ ಯೂನಿಕ್ ಕನ್‌ಸ್ಟ್ರೇಂಟ್, ಅಂದರೆ ಒಂದೇ ಕೋಡ್ ಎರಡು ಸಲ ಸೇರದಂತೆ ತಡೆಯುವ ನಿಯಮ ಹಾಕಿದ್ದೇನೆ. ಒಂದೇ ಕೋಡ್ ಮತ್ತೆ ಬಂದರೆ ಹೊಸದು ತಯಾರಾಗುತ್ತದೆ.