ಜೋಳದ ಬಿಸ್ಕಿಟ್ ಹಿಟ್ಟಿಗೆ ಒಂದು ರಾತ್ರಿ ಫ್ರಿಜ್: ವಿಜಯಪುರದ ಬೇಸಿಗೆಯಲ್ಲಿ ನನ್ನ ಅನುಭವ

ಬೇಸಿಗೆಯಲ್ಲಿ ಜೋಳದ ಬಿಸ್ಕಿಟ್ ಸುಡುವಾಗ ಹರಡುತ್ತದೆ. ಕಲಸಿದ ಹಿಟ್ಟು ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತದೆ, ಮೈದಾ ಹೆಚ್ಚು ಮಾಡಿದರೆ ಸಾಕು ಎಂದೇ ಬೇಕರಿ ಮಂದಿ ಹೇಳುತ್ತಿದ್ದರು. ಮೈದಾ ಹೆಚ್ಚಿದರೆ ಬಿಸ್ಕಿಟ್ ಹರಡುವುದು ನಿಲ್ಲುತ್ತದೆ ನಿಜ, ಆದರೆ ಜೋಳದ ರುಚಿಯೂ ಹೋಗುತ್ತದೆ. ನಾನು ಫ್ರಿಜ್ಜನ್ನೇ ನಂಬಿದೆ, ಈಗ ಮೇ ತಿಂಗಳ ಬಿಸಿಲಲ್ಲೂ ಒಂದಕ್ಕೊಂದು ಅಂಟದ, ಅಂಚು ಉದುರದ ಬಿಸ್ಕಿಟ್ ಟ್ರೇ ತುಂಬ ಬರುತ್ತಿವೆ.

ನನ್ನ ಅಳತೆ ಹೆಚ್ಚುಕಡಿಮೆ ಹೀಗೆ: ಬಿಳಿಜೋಳದ ಹಿಟ್ಟು 600 ಗ್ರಾಂ, ಮೈದಾ 400, ಬೆಣ್ಣೆ 500, ಬೆಲ್ಲದ ಪುಡಿ 450, ಹಾಲು 80 ಮಿ.ಲೀ., ಬೇಕಿಂಗ್ ಪೌಡರ್ 8 ಗ್ರಾಂ, ಏಲಕ್ಕಿ, ಉಪ್ಪು. 25 ಗ್ರಾಮಿನ ಉಂಡೆ 80ರ ಹತ್ತಿರ ಆಗುತ್ತವೆ. ಸಾಮಾನಿಗೆ 400 ರೂಪಾಯಿ, ಅದರಲ್ಲಿ ಬೆಣ್ಣೆಯದೇ ಮುಕ್ಕಾಲು ಪಾಲು. ತಣಿಸದೆ ಸುಟ್ಟಾಗ ಮೂರರಲ್ಲೊಂದು ಪಾಲು ಹರಡಿ, ಅಂಟಿ, ಮುರಿದು ಹೋಗುತ್ತಿತ್ತು. ಅಂದರೆ ಪ್ರತಿ ಸಲ 130 ರೂಪಾಯಿ ಲುಕ್ಸಾನು.

ಮೊದಲ ತಪ್ಪು ಗಿರಣಿಯ ಹಿಟ್ಟಿನದು. ಬೀಸಿದ ಕೂಡಲೇ ಅದು ಕೈಗೆ ಬಿಸಿ ಹತ್ತುತ್ತದೆ. ಬೆಣ್ಣೆ 32–35 ಡಿಗ್ರಿಗೇ ಕರಗುತ್ತದೆ, ಏಪ್ರಿಲ್‌ನಲ್ಲಿ ಇಲ್ಲಿ ಹೊರಗೇ 40 ದಾಟಿರುತ್ತದೆ. ಬಿಸಿ ಹಿಟ್ಟು ಬೆರೆಸಿದರೆ ಒಲೆಗೆ ಹೋಗುವ ಮೊದಲೇ ಬೆಣ್ಣೆ ಎಣ್ಣೆಯಾಗಿರುತ್ತದೆ. ಈಗ ಕಲಸುವ ಮೊದಲು ಒಣ ಹಿಟ್ಟನ್ನೂ ರಾತ್ರಿ ಫ್ರಿಜ್ಜಿನಲ್ಲಿಡುತ್ತೇನೆ.

ಎರಡನೆಯದು, ಕಲಸಿದ ಹಿಟ್ಟಿನ ಇಡೀ ಮುದ್ದೆಯನ್ನು ತಣಿಸಿದ್ದು. ಎರಡು ಗಂಟೆಯಾದರೂ ನಡುವೆ ಮೆತ್ತಗೇ ಇರುತ್ತದೆ, ಮೇಲೆ ಮಾತ್ರ ಗಟ್ಟಿ. ಕತ್ತರಿಸಿದರೆ ಸೀಳುತ್ತದೆ. ಉಂಡೆ ಕಟ್ಟಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿಯೇ ಒಳಗಿಡಬೇಕು. ಹೊದಿಸದಿದ್ದರೆ ಉಳ್ಳಾಗಡ್ಡಿ ವಾಸನೆ ಹಿಡಿಯುತ್ತದೆ.

ಹರಡದಿರಲು 45 ನಿಮಿಷ ಸಾಕು. ಆದರೆ ಜೋಳಕ್ಕೆ ರಾತ್ರಿ ಪೂರ್ತಿ ಬೇಕು, 10–12 ಗಂಟೆ. ಗೋದಿಯ ಜಿಗುಟು ಜೋಳದಲ್ಲಿಲ್ಲ, ಅದರ ತರಿ ಹಾಲನ್ನು ನಿಧಾನವಾಗಿ ಹೀರುತ್ತದೆ. ಆತುರ ಮಾಡಿದರೆ ಬಾಯಲ್ಲಿ ಮರಳಿನಂತೆ ಕಿರುಗುಡುತ್ತದೆ. ಇದು ಹಲವರಿಗೆ ಹೊಳೆಯುವುದಿಲ್ಲ, ಎಲ್ಲರೂ ಹರಡುವುದನ್ನೇ ನೋಡುತ್ತಾರೆ. ರಾತ್ರಿ ನೆನೆದ ಹಿಟ್ಟಿನ ಬಿಸ್ಕಿಟ್ ಅಂಗಡಿಯವರಿಗೆ ಕೊಟ್ಟಾಗ ಅರ್ಧ ಮೈದಾ ಇದೆಯೇ ಎಂದು ಕೇಳಿದರು!

ಸುಡುವುದು 170 ಡಿಗ್ರಿಗೆ, 18 ನಿಮಿಷ. ತಣಿಸದ್ದಕ್ಕಿಂತ ಎರಡು ನಿಮಿಷ ಹೆಚ್ಚು. ಎರಡನೇ ಸಲಕ್ಕೆ ಬಿಸಿ ಟ್ರೇ ಬಳಸಿದರೆ ರಾತ್ರಿಯ ಶ್ರಮವೆಲ್ಲ ನೀರುಪಾಲು. ಮೂರು ಟ್ರೇ ಇಟ್ಟುಕೊಂಡು, ಆರಿದ್ದನ್ನೇ ತುಂಬಿ. ಸೋಡಾ ಬೇಡ: ರಾತ್ರಿಯಿಟ್ಟರೆ ಉಬ್ಬರ ಇಳಿಯುತ್ತದೆ, ಹೆಚ್ಚಾದರೆ ಕಪ್ಪಾಗಿ ಮತ್ತಷ್ಟು ಹರಡುತ್ತದೆ. ಬೆಲ್ಲವನ್ನು ಯಾವ ಹಂತದಲ್ಲಿ, ಹೇಗೆ ಸೇರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಇದೇ ಉಪಾಯ ತುಪ್ಪದ ನಾನಖಟಾಯಿಗೆ ಹಿಡಿಸಲಿಲ್ಲ. ರಾತ್ರಿ ಇಟ್ಟರೆ ತುಪ್ಪ ಹೆಪ್ಪುಗಟ್ಟಿ ಉಂಡೆ ಗುಂಡಗೇ ಉಳಿಯಿತು, ಮೇಲಿನ ಬಿರುಕು ಬರಲಿಲ್ಲ, ಒಳಗೆ ಹಸಿ. ಅದಕ್ಕೆ 15 ನಿಮಿಷ ಸಾಕು. ಡಾಲ್ಡಾ ಹಾಕಿದರೆ ತಣಿಸದೆಯೂ ಆಕಾರ ನಿಲ್ಲುತ್ತದೆ, ಆದರೆ ಅಂಗುಳಕ್ಕೆ ಮೇಣದಂತೆ ಹತ್ತುತ್ತದೆ. ಜೋಳದ ಬಿಸ್ಕಿಟ್ಟನ್ನೇ ಬೆಳಗಾವಿಯ ಮಳೆಗಾಲದಲ್ಲಿ ಮಾಡಿ ನೋಡಿದಾಗ ಆಕಾರಕ್ಕೆ 20 ನಿಮಿಷವೇ ಸಾಲಿತು, ಜೋಳ ಮಾತ್ರ ಅಲ್ಲೂ ರಾತ್ರಿ ಪೂರ್ತಿ ಬೇಡಿತು.

ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮೂರು ತಾಸಿನವರೆಗೆ ಉಂಡೆಗಳಿಗೆ ಏನೂ ಆಗಿಲ್ಲ.