ಹಳೆಯ ಹೊಲಿಗೆ ಯಂತ್ರಕ್ಕೆ ಒಪ್ಪುವ ಪಾದಗಳನ್ನು ಆರಿಸುವ ಬಗೆ

ಮೈಸೂರಿನ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಕಪ್ಪು ಸಿಂಗರ್ ಅಥವಾ ಉಷಾ ಯಂತ್ರ ಇಂದಿಗೂ ನಡುಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುತ್ತದೆ. ಅದನ್ನು ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಹೊಲಿಯಲು ಕುಳಿತವರು ಸಾಮಾನ್ಯವಾಗಿ ಎಡವುವುದು ಸೂಜಿಯ ಕೆಳಗೆ ಬಟ್ಟೆಯನ್ನು ಅದುಮಿ ಹಿಡಿಯುವ ಪಾದ, ಅಂದರೆ ಪ್ರೆಷರ್ ಫುಟ್, ಕೊಳ್ಳುವಾಗ.

ಕಂಪನಿಯ ಹೆಸರೊಂದನ್ನೇ ಹೇಳಿ ಪಾದ ಕೇಳುವುದು ಸರಿಯಲ್ಲ. ಸಿಂಗರ್ 15, 66, 99, 201 ಮಾದರಿಗಳಿಗೆ ಸಾಮಾನ್ಯವಾಗಿ ಗಿಡ್ಡ ಶ್ಯಾಂಕಿನ, ಅಂದರೆ ಯಂತ್ರಕ್ಕೆ ತಿರುಪಿನಿಂದ ಬಿಗಿಯುವ ಕಾಲು ಗಿಡ್ಡವಾಗಿರುವ, ಪಾದ ಹೊಂದುತ್ತದೆ. ಸೂಜಿಯೇ ಓರೆಯಾಗಿ ಇಳಿಯುವ 301 ಮತ್ತು 401ಕ್ಕೆ ಓರೆ ಶ್ಯಾಂಕಿನದು ಬೇಕು. 66ರಲ್ಲಿಯೇ ಹಳೆಯ ಕೆಲವಕ್ಕೆ ತಿರುಪು ಹಿಂಬದಿಯಲ್ಲಿರುವುದರಿಂದ ಪಕ್ಕದಿಂದ ಕೂರಿಸುವ ಪಾದ ಅವಕ್ಕೆ ಹತ್ತುವುದೇ ಇಲ್ಲ. ಆದ್ದರಿಂದ ದೇವರಾಜ ಮಾರುಕಟ್ಟೆಯ ಕಡೆಗೆ ಹೊರಡುವ ಮುನ್ನ ಪಾದವನ್ನು ಕೆಳಗಿಳಿಸಿ, ಅದರ ತಳದಿಂದ ತಿರುಪಿನ ನಡುವಿನವರೆಗೆ ಅಳೆಯಿರಿ. ಸುಮಾರು ಮುಕ್ಕಾಲು ಇಂಚು ಬಂದರೆ ಗಿಡ್ಡ ಶ್ಯಾಂಕ್, ಒಂದು ಇಂಚು ಅಥವಾ ಅದಕ್ಕೂ ಮೀರಿದರೆ ಎತ್ತರದ್ದು. ಇದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ಯಂತ್ರದ ಮೂಲ ಪಾದವನ್ನೇ ಬಿಚ್ಚಿಕೊಂಡು ಹೋಗಿ ಪಕ್ಕದಲ್ಲಿಟ್ಟು ಹೋಲಿಸುವುದು.

ಇನ್ನೊಂದು ಎಚ್ಚರಿಕೆ ಅಗತ್ಯ. ಈಗ ಪೆಟ್ಟಿಗೆಗಟ್ಟಲೆ ಸಿಗುವ ಪಾದಗಳಲ್ಲಿ ಹಲವು ಅಂಕುಡೊಂಕಾಗಿ ಹೊಲಿಯುವ ಜಿಗ್‌ಜಾಗ್ ಯಂತ್ರಕ್ಕೆ ಮಾಡಿದವು, ಅವುಗಳ ಸೂಜಿಕಂಡಿ ಅಗಲ. ನೇರ ಹೊಲಿಗೆಯ ಹಳೆಯ ಯಂತ್ರದಲ್ಲಿ ಬಟ್ಟೆಯನ್ನು ಕೆಳಗಿನಿಂದ ಸರಿಸುವ ಕಿರಿದಾದ ಹಲ್ಲುಗಳ ಮೇಲೆ ಅವನ್ನು ಕೂರಿಸಿದರೆ ಹಿಡಿತ ಸಾಲದು. ತೆಳು ಬಟ್ಟೆ ಸೂಜಿಯೊಡನೆ ಕಂಡಿಯೊಳಕ್ಕೆ ಸರಿದು ಮುದುಡುತ್ತದೆ. ಇಂಥ ಪೆಟ್ಟಿಗೆಯೊಂದನ್ನು ಕೊಂಡ ಮೇಲೆ ಅದರಲ್ಲಿ ನನಗೆ ನಿಜವಾಗಿ ಬಳಕೆಗೆ ಬಂದದ್ದು ಎರಡೋ ಮೂರೋ.

ನನ್ನ ಮಟ್ಟಿಗೆ ಮೊದಲು ಕೊಳ್ಳಬೇಕಾದದ್ದು ಅಂಚು ಸುರುಳಿ ಮಾಡುವ ಹೆಮ್ಮರ್ ಪಾದ. ರೇಷ್ಮೆ ಸೀರೆಯ ತುದಿಗೆ ಇದರಷ್ಟು ಅಚ್ಚುಕಟ್ಟಾದ ಮಡಿಕೆ ಕೈಯಲ್ಲಿ ಬರುವುದು ಕಷ್ಟ. ಬಟ್ಟೆಯ ಮೂಲೆಯನ್ನು ಸ್ವಲ್ಪ ಓರೆಯಾಗಿ ಕತ್ತರಿಸಿ, ಮೊದಲ ಎರಡು ಇಂಚನ್ನು ಎರಡು ಸಲ ಸಣ್ಣಗೆ ಮಡಿಸಿ ಬೆರಳಿನಿಂದ ಒತ್ತಿ, ನಾಲ್ಕಾರು ಹೊಲಿಗೆ ಹಾಕಿದ ನಂತರ ದಾರದ ಬಾಲವನ್ನು ಹಿಡಿದು ಅಂಚನ್ನು ಮೆಲ್ಲನೆ ಸುರುಳಿಯೊಳಕ್ಕೆ ತೂರಿಸಬೇಕು. ಒಳಗೆ ಹೋಗುವ ಬಟ್ಟೆಯ ಅಗಲ ಒಂದೇ ಸಮ ಇರುವಂತೆ ಎಡಗೈ ನೋಡಿಕೊಳ್ಳಬೇಕು. ಮೈಸೂರು ರೇಷ್ಮೆ ಜಾರುವುದರಿಂದ ಮೊದಲು ಹತ್ತಿಯ ತುಂಡಿನ ಮೇಲೆ ರೂಢಿಸಿಕೊಳ್ಳಿ. ದಪ್ಪ ಜರಿ ಬಂದಲ್ಲಿ ಸುರುಳಿಗೆ ಹಿಡಿಸದು, ಅಷ್ಟು ಭಾಗವನ್ನು ಸಾದಾ ಪಾದದಲ್ಲೇ ಮುಗಿಸಿ. ರೇಷ್ಮೆಗೆ 9 ಅಥವಾ 11ನೇ ನಂಬರಿನ ಸೂಜಿ, ಸಾಧಾರಣ ಹತ್ತಿಗೆ 14 ಸಾಕು.

ಜಿಪ್ ಪಾದವೂ ಬೇಕು. ನೆರಿಗೆ ಹಾಕುವ ರಫ್ಲರ್ ಲಂಗಗಳನ್ನು ಹೆಚ್ಚು ಹೊಲಿಯುವವರಿಗೆ ಮಾತ್ರ. ಅದರ ಕವಲು ಸೂಜಿಯ ತಿರುಪನ್ನು ಹಿಡಿದಿರಬೇಕು, ಇಲ್ಲವಾದರೆ ನೆರಿಗೆಯೇ ಬೀಳುವುದಿಲ್ಲ.

ಕೆಳದಾರ ಸುತ್ತುವ ಬಾಬಿನ್ ವಿಷಯದಲ್ಲಿ ಅಂದಾಜು ನಡೆಯದು. 15ರ ಬಾಬಿನ್ ಚಪ್ಪಟೆ, 66ರದು ತುಸು ಉಬ್ಬು. ನೋಡಲು ಒಂದೇ ತರಹ ಕಂಡರೂ ಅದಲುಬದಲು ಮಾಡಬಾರದು. 27, 28ನೇ ಮಾದರಿಗಳಿಗೆ ಉದ್ದನೆಯ ಬಾಬಿನ್ ಬೇರೆಯೇ ಇದೆ. ಎಣ್ಣೆ ಹೊಲಿಗೆ ಯಂತ್ರದ್ದೇ ಆಗಿರಲಿ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಅಂಟಾಗಿ ಯಂತ್ರವನ್ನು ಬಿಗಿಸುತ್ತದೆ.

ಯಾವ ಪಾದವನ್ನೇ ಹಾಕಿದರೂ ತಿರುಪನ್ನು ಸ್ಕ್ರೂಡ್ರೈವರಿನಿಂದ ಬಿಗಿದು, ಪೆಡಲ್ ಮುಟ್ಟುವ ಮೊದಲು ಕೈಚಕ್ರವನ್ನು ನಿಮ್ಮ ಕಡೆಗೆ ನಿಧಾನವಾಗಿ ಎರಡು ಸುತ್ತು ತಿರುಗಿಸಿ ಸೂಜಿ ಎಲ್ಲಿಯೂ ತಾಗದೆ ಇಳಿಯುವುದನ್ನು ಕಣ್ಣಾರೆ ನೋಡಿ.