ಕರೆಂಟ್ ಖರ್ಚಾಗುತ್ತದೆಯೇ? ಹೈಸ್ಕೂಲ್ ಶಿಕ್ಷಕರ ಜೊತೆ ಓಮ್ ನಿಯಮ

ನಮ್ಮ ಸ್ನಾತಕೋತ್ತರ ಭೌತಶಾಸ್ತ್ರ ವಿಭಾಗ ಸುತ್ತಲಿನ ಹೈಸ್ಕೂಲುಗಳ ಜೊತೆ ಕೆಲಸ ಶುರುಮಾಡಿದಾಗ ಆರಿಸಿಕೊಂಡದ್ದು ಹತ್ತನೇ ತರಗತಿಯ ವಿದ್ಯುತ್ ಪಾಠ ಒಂದನ್ನೇ. ವ್ಯಾನಿನಲ್ಲಿ ಉಪಕರಣ ತುಂಬಿಕೊಂಡು ಹೋಗಿ ಕಿಡಿ ಹಾರಿಸಿ ಬರುವ ಕಾರ್ಯಕ್ರಮ ಬೇಡವೆಂದೆವು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮರುದಿನದ ಪಾಠ ಹಿಂದಿನಂತೆಯೇ ನಡೆಯುತ್ತದೆ. ಬದಲಿಗೆ ಶನಿವಾರ ಮಧ್ಯಾಹ್ನ ಶಿಕ್ಷಕರೇ ಲ್ಯಾಬಿಗೆ ಬಂದು ಪ್ರಯೋಗ ಮಾಡಿದರು, ಅದೂ ತಮ್ಮ ಶಾಲೆಯ ಬೀರುವಿನ ಮೀಟರುಗಳನ್ನೇ ತಂದು.

ಪ್ರಯೋಗ ಓಮ್ ನಿಯಮದ್ದು: ತಂತಿಯ ಬಿಸಿ ಬದಲಾಗದಿದ್ದರೆ, ಅದರ ತುದಿಗಳ ನಡುವಿನ ವೋಲ್ಟೇಜು ಎಷ್ಟು ಪಟ್ಟಾದರೆ ಪ್ರವಾಹವೂ ಅಷ್ಟೇ ಪಟ್ಟಾಗುತ್ತದೆ, ಗ್ರಾಫ್ ನೇರ ಗೆರೆಯಾಗುತ್ತದೆ. ಒಂದು ಸೆಟ್ಟಿಗೆ 28 ಎಸ್‌ಡಬ್ಲ್ಯೂಜಿ (ತಂತಿಯ ದಪ್ಪದ ಅಳತೆ) ನೈಕ್ರೋಮ್ ತಂತಿ 1 ಮೀಟರ್ (ರೋಧ ಸುಮಾರು 10 ಓಮ್), ದೊಡ್ಡ ಟಾರ್ಚ್ ಸೆಲ್ 4, 0–1 ಆಂಪಿಯರ್ ಅಮ್ಮೀಟರ್, 0–10 ವೋಲ್ಟ್‌ಮೀಟರ್, ಒತ್ತುವ ಸ್ವಿಚ್. ತಂತಿಯನ್ನು ಸುರುಳಿ ಸುತ್ತಬೇಡಿ. ಸುತ್ತುಗಳು ಒಂದಕ್ಕೊಂದು ತಗುಲಿದರೆ ರೋಧ ಇಳಿದುಬಿಡುತ್ತದೆ. ಹಲಗೆಗೆ ಮೊಳೆ ಹೊಡೆದು ಹಾವಿನಂತೆ ಎಳೆದು ಕಟ್ಟಿ. ಕ್ಲಿಪ್ ಕಚ್ಚುವ ಕಡೆ ಉಪ್ಪುಕಾಗದದಿಂದ ಉಜ್ಜದಿದ್ದರೆ ಮೀಟರಿನ ಮುಳ್ಳು ನಡುಗುತ್ತದೆ. ಸ್ವಿಚ್ಚನ್ನು ಓದುವಷ್ಟು ಹೊತ್ತು, ನಾಲ್ಕೈದು ಸೆಕೆಂಡು ಮಾತ್ರ ಒತ್ತಬೇಕು. ಹೆಚ್ಚು ಹೊತ್ತಾದರೆ ತಂತಿ ಬಿಸಿಯಾಗುತ್ತದೆ, ಸೆಲ್ ಸೋಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವೋಲ್ಟ್‌ಮೀಟರ್ ನೋಡದೆ 1.5, 3, 4.5, 6 ಎಂದು ಸೆಲ್ ಎಣಿಸಿ ಕೋಷ್ಟಕ ತುಂಬುವ ರೂಢಿ. ಪ್ರತಿ ಸೆಲ್ಲಿನ ಆಂತರಿಕ ರೋಧ, ಎಂದರೆ ಸೆಲ್ಲಿನ ಒಳಗೇ ಇರುವ ರೋಧ, ಅರ್ಧ ಓಮ್ ಎಂದಿಟ್ಟುಕೊಳ್ಳಿ. ಒಂದು ಸೆಲ್ಲಿಗೆ 0.14 ಆಂಪಿಯರ್ ಬರುತ್ತದೆ, ನಾಲ್ಕಕ್ಕೆ 0.6 ಬರಬೇಕಿದ್ದಲ್ಲಿ 0.5 ಮಾತ್ರ. ಗ್ರಾಫ್ ಬಾಗುತ್ತದೆ. ಆಗ ಶಿಕ್ಷಕರು ಸ್ಕೇಲಿಟ್ಟು ನೇರ ಗೆರೆ ಎಳೆದುಬಿಡುತ್ತಾರೆ. ತಪ್ಪು ಅವರದಲ್ಲ, ಪರೀಕ್ಷೆ ಕೇಳುವುದು ನೇರ ಗೆರೆಯನ್ನೇ. ತಂತಿಯ ಎರಡು ತುದಿಗಳ ನಡುವೆ ಅಳೆದ ವೋಲ್ಟೇಜನ್ನೇ ಬರೆದರೆ ಬಿಂದುಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ನೈಕ್ರೋಮ್ ಬದಲು ಟಾರ್ಚ್ ಬಲ್ಬ್ ಹಾಕಿದರೆ ಮಾತ್ರ ಬಾಗುವುದು ನಿಜವಾದ ಬಾಗು: ಬಿಸಿ ತಂತುವಿನ ರೋಧ ತಣ್ಣಗಿದ್ದಾಗಿನದಕ್ಕಿಂತ ಹಲವು ಪಟ್ಟು.

ಪಾಠ ಮಾಡುವವರು ಶಿಕ್ಷಕರೇ. ನಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕೂತು, ಮಕ್ಕಳ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಹೆಚ್ಚು ಸಿಕ್ಕಿದ ಮಾತು, "ಬಲ್ಬಿನಲ್ಲಿ ಕರೆಂಟ್ ಖರ್ಚಾಗುತ್ತೆ." ಆಶ್ಚರ್ಯವಿಲ್ಲ. ಮನೆಯಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ, ಅದಕ್ಕೊಂದು ಬಿಲ್ಲೂ ಬರುತ್ತದೆ. ವೋಲ್ಟೇಜು, ಶಕ್ತಿ, ಪ್ರವಾಹ ಮೂರಕ್ಕೂ ನಮಗಿರುವುದು ಅದೊಂದೇ ಮಾತು. ಅದಕ್ಕೇ ಈ ಪಾಠದ ಮಟ್ಟಿಗೆ 'ಪ್ರವಾಹ' ಎಂದೇ ಹೇಳಿ, ಬಿಲ್ಲಿನಲ್ಲಿರುವುದು ಶಕ್ತಿ ಎಂದು ಬೇರೆಯಾಗಿ ಬರೆಸುತ್ತೇವೆ.

ಪ್ರವಾಹ ಬಲ್ಬಿನಲ್ಲಿ ಖರ್ಚಾಗುವುದಿಲ್ಲ, ಎರಡೂ ಕಡೆ ಒಂದೇ ಎನ್ನುವುದನ್ನು ಬಲ್ಬಿನ ಆಚೀಚೆ ಒಂದೊಂದು ಅಮ್ಮೀಟರ್ ಇಟ್ಟು ತೋರಿಸುವುದು ವಾಡಿಕೆ. ಇಲ್ಲೊಂದು ತೊಡಕಿದೆ. ಶಾಲೆಯ ಎರಡು ಮೀಟರುಗಳು ಒಂದು ಗೆರೆಯಷ್ಟು ವ್ಯತ್ಯಾಸ ತೋರಿಸುವುದುಂಟು, ಎರಡನೆಯದು ಕಡಿಮೆ ತೋರಿಸಿತೋ, "ನೋಡಿ ಸಾರ್, ಖರ್ಚಾಯ್ತು!" ಹಾಗಾಗಿ ಮೊದಲು ತಿರುಪಿನಿಂದ ಎರಡರ ಮುಳ್ಳನ್ನೂ ಸೊನ್ನೆಗೆ ತನ್ನಿ. ಆಮೇಲೂ ವ್ಯತ್ಯಾಸ ಉಳಿದರೆ ಮಕ್ಕಳ ಕೈಯಲ್ಲೇ ಮೀಟರುಗಳನ್ನು ಅದಲುಬದಲು ಮಾಡಿಸಿ. ಕಡಿಮೆ ಓದುವ ಮೀಟರ್ ಬಲ್ಬಿನ ಈಚೆ ಬಂದಮೇಲೂ ಕಡಿಮೆಯೇ ಓದುತ್ತದೆ.